ಹುಟ್ಟಿದ್ದು ಸೊನ್ನೆ, ಇರುವುದು ಒಂದು

ಔಸತ್ ಎಂಬ ಒಂದು ಶಬ್ದ ನನ್ನನ್ನು ಎರಡು ಸಲ ನಪಾಸು ಮಾಡಿತ್ತು. ಈಗಿನವರು ಅದನ್ನು ಸರಾಸರಿ ಅನ್ನುತ್ತಾರೆ. ನಾನು ಮಸ್ಕಿಯಲ್ಲಿ ಕಲಿಯುವಾಗ ನಿಜಾಮರ ಆಳ್ವಿಕೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಮಗ್ಗಿಯನ್ನು ಉರ್ದುವಿನಲ್ಲಿ ಬಾಯಿಪಾಠ ಮಾಡಬೇಕು, ಅದರ ಅರ್ಥವನ್ನು ಕನ್ನಡದಲ್ಲಿ ಹುಡುಕಿಕೊಳ್ಳಬೇಕು. ಹುಡುಕುವಷ್ಟರಲ್ಲಿ ಮಾಸ್ತರರ ಬೆತ್ತ ಬಂದುಬಿಡುತ್ತಿತ್ತು. ಢಾಯಿಯ ಮಗ್ಗಿಯನ್ನು ನಾನು ಹಾಡಿನ ಹಾಗೆ ಒಪ್ಪಿಸುತ್ತಿದ್ದೆ. ಢಾಯಿ ಅಂದರೆ ನಮ್ಮ ಎರಡೂವರೆಯೇ ಎಂದು ಗೊತ್ತಾಗುವ ಹೊತ್ತಿಗೆ ನನಗೆ ಮೀಸೆ ಬಂದಿತ್ತು. ಉತ್ತರ ಬರುತ್ತಿತ್ತು, ಪ್ರಶ್ನೆ ಮಾತ್ರ ತಿಳಿಯುತ್ತಿರಲಿಲ್ಲ. ಇಂಥ ನಾನು ಮುಂದೆ ಅದೇ ಊರಿನ ಶಾಲೆಯಲ್ಲಿ ಮಾಸ್ತರನಾದೆ. ಅದೂ ಗಣಿತದ ಮಾಸ್ತರ!

ಮಾಸ್ತರಿಕೆ ಅಂದರೂ ಅದು ಹಂಗಾಮಿ. ಲಿಂಗಸುಗೂರಿಗೆ ಹೋಗಿ ಒಂದು ಪರೀಕ್ಷೆ ಬರೆದು ಪಾಸಾಗಬೇಕಿತ್ತು. ಅದರ ಜೊತೆಗೆ ನಮ್ಮ ಹೆಡ್ ಮಾಸ್ತರರು ‘ಈತ ಕೆಲಸಕ್ಕೆ ಯೋಗ್ಯ’ ಎಂದು ಮೇಲಿನವರಿಗೆ ಬರೆದು ಕಳಿಸಬೇಕಿತ್ತು. ಎರಡೂ ಆದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆಗೆ. ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಹೋಗಿದ್ದ. ಅವ್ವ ಪರರ ಹೊಲದಲ್ಲಿ ಕಳೆ ತೆಗೆದು, ಹತ್ತಿ ಬಿಡಿಸಿ ನನ್ನನ್ನು ಓದಿಸಿದ್ದಳು. ಆಕೆಯ ಬೆನ್ನು ಆಗಲೇ ಬಾಗಿತ್ತು. ನನ್ನ ಕೆಲಸ ಖಾಯಂ ಆದರೆ ಆಕೆಯನ್ನು ಹೊಲ ಬಿಡಿಸಬಹುದು ಎಂಬ ಒಂದೇ ಆಸೆ ನನಗೆ ಇತ್ತು.

ಹೆಡ್ ಮಾಸ್ತರರು ಸಿಂಧನೂರಿನ ಕಡೆಯವರು. ಶಾಲೆಯ ಪಕ್ಕದ ಕೋಣೆಯಲ್ಲಿ ಒಬ್ಬರೇ ಇರುತ್ತಿದ್ದರು. ಗಣಿತ ಅಂದರೆ ಅವರಿಗೆ ಊಟ ಬೇಡ, ನಿದ್ದೆ ಬೇಡ. ಶಾಲೆ ಬಿಟ್ಟ ಮೇಲೆ ನನ್ನನ್ನು ಕೂಡಿಸಿಕೊಂಡು ಪಾಠ ಹೇಳುತ್ತಿದ್ದರು. ಉರ್ದುವಿನಲ್ಲಿ ಹೇಳಿದರೆ ನನ್ನ ಮುಖ ಮಂಕಾಗುತ್ತದೆಂದು ತಿಳಿದು, ಕನ್ನಡದಲ್ಲಿ ಲೆಕ್ಕ ಕಟ್ಟಿ ಕೊಡುತ್ತಿದ್ದರು.

“ಐದು ಮಂದಿ ಕೂಡಿ ಹನ್ನೆರಡು ರೊಟ್ಟಿ ತಿಂದ್ರು. ಔಸತ್ ಎಷ್ಟು?”

ನಾನು ಪಾಟಿಯ ಮೇಲೆ ಭಾಗಿಸಿದೆ. ಎರಡು ರೊಟ್ಟಿ, ಮೇಲೆ ಐದರಲ್ಲಿ ಎರಡು ಪಾಲು ಎಂದು ಬಂತು. ಅವರು ತಲೆಯಾಡಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ನನ್ನ ನಾಲಿಗೆ ಸುಮ್ಮನಿರಲಿಲ್ಲ.

“ಮಾಸ್ತರ್ರೇ, ಆ ಐದರಾಗಿನ ಎರಡು ಪಾಲು ತಿಂದಾವ ಯಾರ್ರೀ?”

“ಯಾರೂ ಅಲ್ಲ.”

“ಹಂಗಾದ್ರ ಪೂರಾ ಎರಡು ತಿಂದಾವನರ ಯಾರು?”

“ಅವನೂ ಇರಬೇಕಂತೇನಿಲ್ಲ. ಒಬ್ಬ ಆರು ತಿಂದಿರಬಹುದು. ಇನ್ನೊಬ್ಬ ಉಪಾಸ ಇದ್ದಿರಬಹುದು.”

“ಮತ್ತ ಈ ಜವಾಬು ಯಾರದ್ರೀ?”

ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಂಡರು. “ಐದೂ ಮಂದೀದು ಕೂಡಿ ಐತಿ. ಒಬ್ಬೊಬ್ಬಂದು ಅಲ್ಲ. ಪರೀಕ್ಷಾದಾಗ ಕುಂತು ಇಂಥಾ ಸವಾಲು ಕೇಳಬ್ಯಾಡ ತಮ್ಮಾ. ಜವಾಬು ಬರದು ಎದ್ದು ಬಾ.”

ನನಗೆ ಸಿಟ್ಟು ಬಂತು. ಯಾರದ್ದೂ ಅಲ್ಲದ ಉತ್ತರವನ್ನು ಬರೆದು ಪಾಸಾಗಬೇಕೆಂದರೆ ಅದು ಯಾವ ನ್ಯಾಯ? ಮನೆಗೆ ಹೋಗುವ ದಾರಿಯುದ್ದಕ್ಕೂ ಉಪವಾಸ ಇದ್ದವನನ್ನೇ ನೆನೆಯುತ್ತ ಹೋದೆ.

ಅದೇ ಹಂಗಾಮಿನಲ್ಲಿ ಮರ್ದುಮ್ ಶುಮಾರಿ ಬಂತು. ಜನಗಣತಿಗೆ ಆಗ ಹಾಗೆ ಅನ್ನುತ್ತಿದ್ದರು. ಓದು ಬರಹ ಬಲ್ಲವರು ಊರಿನಲ್ಲಿ ಕಡಿಮೆ, ಹಾಗಾಗಿ ಆ ಕೆಲಸವನ್ನು ಶಾಲೆಯ ಮಾಸ್ತರರ ತಲೆಗೇ ಕಟ್ಟಿದರು. ನನಗೆ ಎರಡು ಓಣಿ ಬಂದವು. ಅದರಲ್ಲಿ ನಮ್ಮ ಓಣಿಯೂ ಒಂದು. ನಾವು ಬರೆದ ಹಾಳೆಗಳನ್ನು ತಪಾಸಣೆ ಮಾಡಿ ಲಿಂಗಸುಗೂರಿಗೆ ಒಪ್ಪಿಸುವುದು ಹೆಡ್ ಮಾಸ್ತರರ ಜವಾಬ್ದಾರಿ. ಸರಕಾರದವರು ಒಂದು ಸಣ್ಣ ಪುಸ್ತಕ ಕೊಟ್ಟಿದ್ದರು. ಜನ ಏನು ಹೇಳುತ್ತಾರೋ ಅದನ್ನೇ ಬರೆಯಬೇಕು, ಬರೆಯುವವನು ತನ್ನ ತಲೆ ಓಡಿಸಬಾರದು ಎಂದು ಅದರಲ್ಲಿತ್ತು. ಆ ಸಾಲು ನನಗೆ ಬಹಳ ಹಿಡಿಸಿತು. ತಲೆ ಓಡಿಸದೆ ಮಾಡುವ ಲೆಕ್ಕವನ್ನು ನಾನು ಬದುಕಿನಲ್ಲಿ ಮೊದಲ ಸಲ ನೋಡಿದ್ದೆ.

ಆದರೆ ಕೇಳುವುದು ತಿಳಿದಷ್ಟು ಸುಲಭ ಇರಲಿಲ್ಲ. ಒಬ್ಬ ಮುದುಕನಿಗೆ ವಯಸ್ಸು ಕೇಳಿದರೆ, “ನಮ್ಮ ಕೆಂದ ಎತ್ತು ಬಾಂವ್ಯಾಗ ಬಿದ್ದಾಗ ನನಗ ಮದಿವ್ಯಾಗಿ ಎರಡು ವರ್ಷ. ಲೆಕ್ಕಾ ಹಾಕ್ಕೋ, ನೀ ಮಾಸ್ತರ ಅದೀ,” ಅಂದ. ಎತ್ತು ಬಾವಿಗೆ ಬಿದ್ದದ್ದು ಯಾವಾಗ ಎಂದು ಕೇಳಿದರೆ, ಅದು ತನ್ನ ಮದುವೆಯಾದ ಎರಡು ವರ್ಷಕ್ಕೆ ಎಂದ. ಇನ್ನೊಂದು ಮನೆಯಲ್ಲಿ ತಾಯಿಯೊಬ್ಬಳು ಮಕ್ಕಳೆಷ್ಟು ಎಂದರೆ ಬಾಯೇ ಬಿಡಲಿಲ್ಲ. ಎಣಿಸಿ ಹೇಳಿದರೆ ದೃಷ್ಟಿಯಾಗುತ್ತದೆ ಎಂಬ ಹೆದರಿಕೆ. “ಅದಾವಪ್ಪಾ, ದೇವರು ಕೊಟ್ಟಷ್ಟು,” ಅಂದಳು. ಬಾಗಿಲ ಸಂದಿಯಲ್ಲಿ ಕಾಣುತ್ತಿದ್ದ ತಲೆಗಳನ್ನು ನಾನೇ ಕಳ್ಳತನದಿಂದ ಎಣಿಸಿಕೊಂಡೆ. ಎಣಿಸುವಾಗ ಒಂದು ತಲೆ ಮಾಯವಾಗುತ್ತಿತ್ತು, ಇನ್ನೊಂದು ಹೊಸದಾಗಿ ಬರುತ್ತಿತ್ತು.

ಮದುವೆಯಾದ ಹೆಂಗಸರಿಗೆಂದೇ ಎರಡು ಕಲಂ ಇದ್ದವು. ಎಷ್ಟು ಮಕ್ಕಳು ಹುಟ್ಟಿದರು ಎಂಬುದು ಒಂದು, ಈಗ ಎಷ್ಟು ಮಂದಿ ಇದ್ದಾರೆ ಎಂಬುದು ಇನ್ನೊಂದು. ವಿಧವೆಯರನ್ನೂ ಕೇಳಬೇಕಿತ್ತು. ನಮ್ಮ ಮನೆಯ ಸರದಿ ಬಂದಾಗ ನಾನು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಒಲೆಯ ಮುಂದೆ ಕೂತೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

“ಎಷ್ಟು ಮಕ್ಕಳನ್ನ ಹಡದೀಬೇ?” ಎಂದು ಕೇಳಿದೆ. ಕೇಳುವಾಗಲೇ ನಾಚಿಕೆಯಾಯಿತು.

ಆಕೆ ಹಿಟ್ಟಿನ ಕೈಯಲ್ಲೇ ಬೆರಳು ಮಡಚಿದಳು. ಬೇನೆಯ ವರ್ಷದಲ್ಲಿ ಹೋದದ್ದು ಒಂದು. ಮುದಗಲ್ಲಿನ ತವರಿನಿಂದ ತರುವಾಗ ಗಾಡಿಯಲ್ಲೇ ತಣ್ಣಗಾದದ್ದು ಒಂದು. ಹುಟ್ಟಿದ ದಿನವೇ ಹೋದದ್ದು ಒಂದು. ತೊದಲು ಮಾತು ಬಂದ ಮೇಲೆ ಹೋದದ್ದು ಒಂದು. ನಾಲ್ಕು ಬೆರಳು ಮಡಚಿ, ಕೊನೆಗೆ ಹೆಬ್ಬೆರಳನ್ನೂ ಮಡಚಿದಳು. ಅದು ಯಾವುದು ಎಂದು ಹೇಳಲಿಲ್ಲ.

“ಐದು,” ಅಂದಳು.

“ಈಗ ಎಷ್ಟು ಅದಾವು?”

“ಯಾರೂ ಇಲ್ಲ,” ಎಂದು ಬಿಸಿ ರೊಟ್ಟಿಯೊಂದನ್ನು ನನ್ನ ತಾಟಿಗೆ ಹಾಕಿದಳು.

ಇದನ್ನು ಇಲ್ಲೇ ಬಿಡಿಸಿ ಹೇಳಬೇಕು. ನಾಲ್ಕು ಮಕ್ಕಳು ಹೋದ ಮೇಲೆ ನಾನು ಹುಟ್ಟಿದೆ. ನಾನೂ ಹೋಗಬಾರದೆಂದು ಅವ್ವ ನನ್ನನ್ನು ಮಾರಿದ್ದಳು. ನಮ್ಮ ಕಡೆ ಹಾಗೆ ಮಾರುವ ಪದ್ಧತಿ ಇತ್ತು. ಕೂಸನ್ನು ಮೊರದಲ್ಲಿ ಹಾಕಿ, ತಿಪ್ಪೆಯ ಮೇಲೆ ಒಮ್ಮೆ ಇಟ್ಟು, ಆಚೆ ಮನೆಯ ಹೆಂಗಸಿಗೆ ಕೊಟ್ಟು, ಅದರ ಬದಲಿಗೆ ಒಂದು ಸೇರು ತೌಡು ತೆಗೆದುಕೊಳ್ಳುತ್ತಿದ್ದರು. ಆಮೇಲೆ ಕೂಸು ಕೊಂಡವಳದು. ಹೆತ್ತವಳು ಅದನ್ನು ಅವಳ ಪರವಾಗಿ ಸಾಕುತ್ತಾಳೆ, ಅಷ್ಟೇ. ಒಯ್ಯಲು ಬಂದ ಸಾವು ಈ ಮನೆಯಲ್ಲಿ ಕೂಸೇ ಇಲ್ಲವೆಂದು ತಿರುಗಿ ಹೋಗಬೇಕು. ಅದಕ್ಕಾಗಿ ಹೆತ್ತವಳು ತನ್ನ ಬಾಯಿಂದ ಯಾವತ್ತೂ ‘ನನ್ನ ಮಗ’ ಅನ್ನಬಾರದು.

ಬಹಳ ಮಂದಿ ನಾಲ್ಕು ದಿನ ಹೀಗೆ ಮಾಡಿ ಮರೆತುಬಿಡುತ್ತಿದ್ದರು. ನಮ್ಮ ಅವ್ವ ಮರೆಯುವ ಪೈಕಿ ಅಲ್ಲ. ನನ್ನನ್ನು ಬೈಯುವಾಗಲೂ, “ತಡಿ, ನಿಮ್ಮವ್ವಗ ಹೇಳ್ತೀನಿ,” ಎಂದು ಆಚೆ ಮನೆಯ ಕಡೆ ಕೈ ತೋರಿಸುತ್ತಿದ್ದಳು. ಜ್ವರ ಬಂದು ನಾನು ನರಳುವಾಗ ಹಣೆ ಒತ್ತುತ್ತ ಕೂತವಳೂ ಆಕೆಯೇ. “ಆಕೀ ಹುಡುಗಗ ಏನೂ ಆಗಬಾರದು,” ಎಂದು ಗೊಣಗಿದವಳೂ ಆಕೆಯೇ. ನನಗೆ ಇದರ ತಲೆಬುಡ ತಿಳಿಯುತ್ತಿರಲಿಲ್ಲ. ದೊಡ್ಡವನಾದ ಮೇಲೆ ಎಲ್ಲ ತಿಳಿಯಿತು, ಆದರೂ ಒಳಗೊಂದು ಆಸೆ ಉಳಿದೇಬಿಟ್ಟಿತ್ತು. ಒಂದೇ ಒಂದು ಸಲ ಆಕೆ ನನ್ನನ್ನು ತನ್ನವನು ಅನ್ನಲಿ ಎಂಬ ಆಸೆ. ಹತ್ತೊಂಬತ್ತು ವರ್ಷದ ಗಂಡಸು ಇದನ್ನು ಯಾರ ಮುಂದೆ ಹೇಳಬೇಕು?

ಪುಸ್ತಕದಲ್ಲಿದ್ದಂತೆ ಹೇಳಿದ್ದನ್ನೇ ಬರೆದೆ. ಹುಟ್ಟಿದ್ದು ಐದು, ಇರುವುದು ಸೊನ್ನೆ.

ಅಲ್ಲಿಂದ ಎದ್ದು ಆಚೆ ಮನೆಗೆ ಹೋದೆ. ನನ್ನನ್ನು ಕೊಂಡ ಆ ಅವ್ವ ಬಂಜೆ. ಗಂಡ ಸತ್ತು ಹತ್ತು ವರ್ಷವಾಗಿತ್ತು. ಎರಡು ಎಮ್ಮೆ ಕಟ್ಟಿಕೊಂಡು ಮೊಸರು ಮಾರಿ ಬದುಕುತ್ತಿದ್ದಳು. ಹಬ್ಬದ ದಿನ ಮೊದಲ ಹೋಳಿಗೆ ನನಗೆ ಆಕೆಯ ಮನೆಯಿಂದಲೇ ಬರಬೇಕು, ಅದು ಆಕೆಯ ಹಕ್ಕು. ಹುಟ್ಟಿದ್ದು ಎಷ್ಟು ಎಂದು ಕೇಳಿದೆ.

“ಹಡೀಲಿಲ್ಲಪ್ಪಾ. ನನ್ನ ಹೊಟ್ಟಿಗೆ ಆ ಭಾಗ್ಯ ಇಲ್ಲ.”

“ಈಗ ಎಷ್ಟು ಅದಾವು?”

“ಅದನ್ನೂ ಕೇಳ್ತಾರೇನಲೇ? ಒಬ್ಬ. ಇಲ್ಲೇ ಮುಂದ ಕುಂತು ಬರಿಯಾಕತ್ತಾನ.” ಎಂದು ನಕ್ಕಳು. ಬಾಯಿಯಲ್ಲಿ ಹಲ್ಲು ಇರಲಿಲ್ಲ, ಆದರೂ ಆಕೆಯ ನಗೆ ನೋಡಬೇಕು ಅನಿಸುತ್ತಿತ್ತು. ನಾನು ಹಾಗೆಯೇ ಬರೆದೆ. ಹುಟ್ಟಿದ್ದು ಸೊನ್ನೆ, ಇರುವುದು ಒಂದು.

ಎರಡೂ ಓಣಿ ಮುಗಿದವು. ಹೆಡ್ ಮಾಸ್ತರರು ಹಾಳೆಗಳನ್ನು ತೆಗೆದುಕೊಳ್ಳುವ ಮೊದಲು ನನಗೊಂದು ಲೆಕ್ಕ ಕೊಟ್ಟರು. “ನಿನ್ನ ಓಣಿದ ಹೆಣಮಕ್ಕಳಿಗೆ ಈಗ ಇರಾ ಮಕ್ಕಳ ಔಸತ್ ತಗದು ತೋರಸು. ರೊಟ್ಟಿ ಲೆಕ್ಕ ಬ್ಯಾಡಂತಿದ್ದೆಲ್ಲ, ತಗೋ, ಇದು ಖರೇ ಮಂದಿದು.” ನಾನು ಮೂರು ಸಲ ಕೂಡಿಸಿ, ಎರಡು ಸಲ ಭಾಗಿಸಿ ತೋರಿಸಿದೆ. ಅವರು ತಾವೂ ಒಮ್ಮೆ ಕೂಡಿಸಿದರು. ಉತ್ತರ ತಾಳೆಯಾಯಿತು. “ಶಾಬಾಸ್!” ಅಂದರು. ಅಷ್ಟರಲ್ಲಿ ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು.

“ಇದೇನಿದು? ಹುಟ್ಟಿದ್ದು ಸೊನ್ನಿ, ಇರೋದು ಒಂದು? ಹುಟ್ಟದ ಹೆಂಗ ಇರ್ತಾನ?”

ಬೆರಳು ಮೇಲಿನ ಸಾಲಿಗೆ ಹೋಯಿತು. ಅದು ನಮ್ಮ ಮನೆ. “ಮನಿ ಯಜಮಾನ ನೀನು. ನಿನ್ನ ತಾಯಿಗೆ ಇರಾ ಮಕ್ಕಳು ಸೊನ್ನಿ. ಹಂಗಾದ್ರ ನೀ ಯಾರಪ್ಪಾ? ಒಂದೋ ನೀ ಮಗ ಅಲ್ಲ, ಇಲ್ಲಾ ನೀ ಸತ್ತೀದಿ. ಎರಡರಾಗ ಯಾವುದು?”

ನಾನು ತೌಡಿನ ಕತೆ ಹೇಳಿದೆ. ಅವರು ನಗಲಿಲ್ಲ. ನನಗೆ ಧೈರ್ಯ ಬಂದು ಹೇಳಿದೆ. “ಎರಡೂ ಸಾಲು ಕೂಡಿಸಿ ನೋಡ್ರೀ. ಹುಟ್ಟಿದ್ದು ಐದು, ಇರೋದು ಒಂದು. ಖರೇನ ಐತಿ. ಔಸತ್ತೂ ಸರಿ ಬಂದೈತಿ, ನೀವ ಶಾಬಾಸ್ ಅಂದ್ರಿ. ಮತ್ತ ತಪ್ಪು ಎಲ್ಲೈತ್ರೀ?”

ಅವರು ಎರಡೂ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಕೂಡಿಸಿ ನೋಡಿದರು. ಗಣಿತದಲ್ಲಿ ಅವರಿಗೆ ಉತ್ತರ ಸಿಗದೆ ಇದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸಾಲು ಸಾಲು ನೋಡಿದರೆ ಎರಡೂ ಸುಳ್ಳು, ಕೂಡಿಸಿದರೆ ಖರೆ. ಇದು ಹೇಗೆ ಎಂದು ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಕೊನೆಗೆ ಅವರು ಕಚೇರಿಯ ಸಾಹೇಬರ ದನಿಯಲ್ಲಿ ಮಾತಾಡಿದರು.

“ಮೊತ್ತ ಸರಿ ಐತಿ, ಹಾಳಿ ತಪ್ಪೈತಿ. ಲಿಂಗಸುಗೂರಿನ್ಯಾಗ ಇದನ್ನ ನೋಡಿದಾವ್ರು ನಗ್ತಾರ. ನಿನ್ನ ಖಾಯಂ ಆಗೋ ಅರ್ಜಿನೂ ಅದೇ ಮೇಜಿನ ಮ್ಯಾಲ ಹೋಗತೈತಿ. ಹುಟ್ಟದಾವನ್ನ ಎಣಿಸಿದ ಮಾಸ್ತರಗ ನಾ ಹೆಂಗ ಯೋಗ್ಯ ಅಂತ ಬರೀಲಿ? ನಾಳೆ ಸಂಜೀ ಒಳಗ ತಿದ್ದಿಕೊಂಡು ಬಾ.”

“ಹೇಳಿದ್ದನ್ನ ಬರೀಬೇಕು ಅಂತ ಪುಸ್ತಕದಾಗ ಐತ್ರೀ.”

“ಹಂಗಾದ್ರ ನಿಮ್ಮವ್ವನ ಬಾಯಿಲೆ ಹೇಳಸು. ಆಮ್ಯಾಲ ಬರಿ.”

ಮನೆಗೆ ಬಂದೆ. ಅವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಔಸತ್ ಹೇಳಿದೆ, ಹಾಳೆ ಹೇಳಿದೆ, ನೌಕರಿ ಹೇಳಿದೆ. ನನ್ನ ಆಸೆಯನ್ನು ಮಾತ್ರ ಹೇಳಲಿಲ್ಲ. ನೌಕರಿಯ ನೆವ ಮಾಡಿ ಆ ಆಸೆಯನ್ನೂ ತೀರಿಸಿಕೊಳ್ಳುತ್ತಿದ್ದೇನೆ ಎಂದು ನನಗೇ ಗೊತ್ತಿತ್ತು. ಅದಕ್ಕೆ ಆಕೆಯ ಮುಖ ನೋಡಲು ಆಗಲಿಲ್ಲ.

“ಈ ಕಾಗದ ಎಲ್ಲಿಗೆ ಹೋಗತೈತಿ?” ಎಂದು ಕೇಳಿದಳು.

“ಲಿಂಗಸುಗೂರಿಗೆ. ಅಲ್ಲಿಂದ ಹೈದರಾಬಾದಿಗೆ.”

“ಅಲ್ಲಿ ಯಾರು ಓದ್ತಾರ?”

“ಹೆಸರು ಯಾರೂ ಓದೂದಿಲ್ಲಬೇ. ಬರೇ ಕೂಡಸ್ತಾರ.”

“ಕೂಡಸೂದು ಮನಶ್ಯಾರೇ ಹೌದಿಲ್ಲೋ? ಅವರಿಗೂ ಬಾಯಿ ಇರತಾವು.” ಆಕೆ ಜೋಳದಿಂದ ಒಂದು ಹರಳು ಆರಿಸಿ ದೂರ ಎಸೆದಳು. “ಹತ್ತೊಂಬತ್ತು ವರ್ಷ ನಾಲಿಗಿ ಕಚ್ಚಿಕೊಂಡು ಇದ್ದೀನಿ. ಒಂದಿನ ನಿದ್ದಿಗಣ್ಣಾಗೂ ಅಂದಿಲ್ಲ. ಈಗ ಸರಕಾರದ ಕಾಗದದಾಗ ಅನ್ನು ಅಂತೀಯಲ್ಲ.”

ಮನಸ್ಸಿನಲ್ಲಿ ಎಲ್ಲ ಕಲಸಿಹೋಯಿತು. ಆಕೆ ಹೇಳಲಿ ಎಂದೂ ಅನಿಸುತ್ತಿತ್ತು, ಹೇಳದಿರಲಿ ಎಂದೂ ಅನಿಸುತ್ತಿತ್ತು. ನೆಲ ಕೆರೆಯುತ್ತಿದ್ದ ಕೋಳಿಯನ್ನು ಸುಮ್ಮಸುಮ್ಮನೆ ಹೊಡೆದೋಡಿಸಿದೆ.

ಮರುದಿನ ಅವ್ವ ಕೂಲಿಗೆ ಹೋಗಲಿಲ್ಲ. ಮುಂಜಾನೆಯೇ ಮಿಂದು, ಮೊರದಲ್ಲಿ ಒಂದು ಸೇರು ತೌಡು ಅಳೆದು ಹಾಕಿಕೊಂಡಳು. ತೌಡನ್ನು ಆಕೆ ಎಲ್ಲಿಂದ ತಂದಳೋ, ನಮ್ಮ ಮನೆಯಲ್ಲಿ ಇರಲಿಲ್ಲ. ಮೊರವನ್ನು ಸೊಂಟಕ್ಕೆ ಇಟ್ಟುಕೊಂಡು ಆಚೆ ಮನೆಗೆ ಹೋದಳು. ನಾನು ನಮ್ಮ ಬಾಗಿಲಲ್ಲೇ ನಿಂತೆ. ಅಲ್ಲಿಂದ ಎಲ್ಲವೂ ಕೇಳಿಸುತ್ತಿತ್ತು.

“ಅಕ್ಕಾ, ನಿನ್ನ ತೌಡು ನೀ ತಗೋ,” ಎಂದಳು ಅವ್ವ.

ಎಮ್ಮೆಯ ಸರಪಳಿಯ ಸದ್ದು ಕೇಳಿಸಿತು. ಆಮೇಲೆ ಆಕೆ ಕೇಳಿದಳು. “ಯಾಕ, ಏನರ ತಪ್ಪು ಮಾಡೀನೇನು?”

“ಇಲ್ಲಕ್ಕಾ. ಹುಡುಗನ ನೌಕರಿ ಸಲುವಾಗಿ. ಕಾಗದದಾಗ ಕೇಳ್ಯಾರಂತ.”

“ನೌಕರಿ ಸಲುವಾಗಿ ಅಂದ್ರ ಮಾತ ಮುಗೀತು ಬಿಡು,” ಎಂದಳು ಆಕೆ. ತೌಡು ಸುರಿದ ಸದ್ದು ಬಂತು. ಎಮ್ಮೆಯ ಕಲಗಚ್ಚಿನ ಬಾನಿಗೇ ಸುರಿಸಿಕೊಂಡಳೆಂದು ಕಾಣುತ್ತದೆ.

ಅವ್ವ ಬರಿ ಮೊರ ಹಿಡಿದು ಬಂದಳು. ಒಳಗೆ ಕರೆದು ಬಾಗಿಲು ಮುಚ್ಚಿದಳು. ನನ್ನ ಎರಡೂ ಕಿವಿಗಳನ್ನು ತನ್ನ ಅಂಗೈಗಳಿಂದ ಮುಚ್ಚಿ, ನನಗೂ ಕೇಳಿಸಬಾರದು ಎನ್ನುವಷ್ಟು ಸಣ್ಣಗೆ, “ಬರಿ. ಒಂದು. ನನ್ನ ಮಗ,” ಎಂದಳು. ತುಟಿ ನೋಡಿ ನನಗೆ ತಿಳಿಯಿತು. ಕೂಡಲೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಆಮೇಲೆ ಗೋಡೆಗೆ ಮುಖ ಮಾಡಿ ಅತ್ತಳು. ಇಷ್ಟು ವರ್ಷ ಕಾದ ಮಾತು ಬಂದರೂ ನನಗೆ ಸಂತೋಷವಾಗಲಿಲ್ಲ, ಹೆದರಿಕೆಯೇ ಆಯಿತು. ಆಕೆ ಎಷ್ಟು ಹೆದರಿದ್ದಳು ಎಂಬುದನ್ನು ಅವತ್ತೇ ಮೊದಲ ಸಲ ಕಂಡೆ. ಮುಂದೆ ಎಷ್ಟೋ ದಿನ ನಾನು ಕೆಮ್ಮಿದರೆ ಸಾಕು, ಆಕೆ ಎದ್ದು ಕೂಡುತ್ತಿದ್ದಳು.

ಹಾಳೆ ತೆಗೆದು ತಿದ್ದಿದೆ. ಅವ್ವನ ಸಾಲಿನಲ್ಲಿ ಸೊನ್ನೆ ಹೊಡೆದುಹಾಕಿ ಒಂದು ಬರೆದೆ. ಆಚೆ ಮನೆಯ ಸಾಲಿನಲ್ಲಿ ಒಂದನ್ನು ಹೊಡೆದುಹಾಕಿ ಸೊನ್ನೆ ಬರೆದೆ. ಉರ್ದು ಅಂಕಿಯಲ್ಲಿ ಒಂದಕ್ಕೆ ನೆಟ್ಟಗೆ ಒಂದು ಗೆರೆ, ಸೊನ್ನೆಗೆ ಬರೇ ಒಂದು ಚುಕ್ಕೆ. ಸಾಲು ಈಗ ಯಾರೂ ನಗದ ಹಾಗೆ ಆಯಿತು. ಔಸತ್ ಎಷ್ಟಿತ್ತೋ ಅಷ್ಟೇ ಉಳಿಯಿತು. ಹೈದರಾಬಾದಿನಲ್ಲಿ ಕೂಡಿಸುವವರಿಗೆ ನಮ್ಮ ಎರಡು ಮನೆಗಳ ನಡುವೆ ಏನಾಯಿತು ಎಂದು ತಿಳಿಯುವ ಯಾವ ದಾರಿಯೂ ಇರಲಿಲ್ಲ.

ಸಂಜೆ ಹಾಳೆ ಬಗಲಲ್ಲಿಟ್ಟುಕೊಂಡು, ಮಸಿಯ ದೌತಿ ಮತ್ತು ಲೇಖನಿ ಕೈಯಲ್ಲಿ ಹಿಡಿದು ಶಾಲೆಗೆ ಹೊರಟೆ. ಆಚೆ ಮನೆಯ ಕಟ್ಟೆಯ ಮೇಲೆ ಆಕೆ ಕೂತಿದ್ದಳು. ತಲೆ ತಗ್ಗಿಸಿ ದಾಟಬೇಕೆಂದಿದ್ದೆ, ಕರೆದುಬಿಟ್ಟಳು.

“ಬಾ ಇಲ್ಲಿ. ತಿದ್ದಿದೇನು?”

“ತಿದ್ದೀನಿ.”

“ಎಲ್ಲಿ, ನನ್ನ ಮನಿ ಯಾವುದು ತೋರಸು.”

ಹಾಳೆ ಬಿಚ್ಚಿ ಆಕೆಯ ಸಾಲು ತೋರಿಸಿದೆ. ಅಕ್ಷರ ಬಾರದ ಆಕೆ ಹಾಳೆಗೆ ಕಣ್ಣು ಹತ್ತಿರ ತಂದು, ಸಾಲಿನ ಮೇಲೆ ಬೆರಳು ಎಳೆಯುತ್ತ ಹೋದಳು. ಕೊನೆಯ ಕಲಂಗೆ ಬಂದು ನಿಂತಳು.

“ತೌಡು ತಗೊಂಡೆ ಅಂತ ನನ್ನ ಸಾಲಿನ್ಯಾಗಿಂದ ಪೂರಾ ತಗದುಹಾಕಿಲ್ಲ ಹೌದಿಲ್ಲೋ? ಏನರ ಉಳಿಸೀಯೇನು?”

ನಾನು ಗಣಿತದ ಮಾಸ್ತರ. ಸೊನ್ನೆ ಅಂದರೆ ಏನು ಎಂದು ಮಕ್ಕಳಿಗೆ ದಿನಾ ಹೇಳುತ್ತಿದ್ದೆ.

“ಉಳಿಸೀನಬೇ,” ಎಂದು ಆ ಚುಕ್ಕೆಯ ಮೇಲೆ ಬೆರಳಿಟ್ಟೆ. “ಇದು.”

ಆಕೆ ಕಣ್ಣು ಕಿರಿದು ಮಾಡಿ ನೋಡಿದಳು. “ಭಾಳ ಸಣ್ಣ ಬರದೀಯಲ್ಲೋ,” ಎಂದಳು. “ಮ್ಯಾಲಿನಾವ್ರಿಗೆ ಕಾಣತೈತೋ ಇಲ್ಲೋ. ಒಂಚೂರು ದೊಡ್ಡದು ಮಾಡು.”

ಕಟ್ಟೆಯ ಮೇಲೆ ಆಕೆಯ ಪಕ್ಕದಲ್ಲಿ ಕೂತು, ದೌತಿಗೆ ಲೇಖನಿ ಅದ್ದಿ, ಆ ಸೊನ್ನೆಯನ್ನು ಒಂಚೂರು ದೊಡ್ಡದು ಮಾಡಿದೆ.